ಕರಸ್ಪರ್ಶ ಚಿಕಿತ್ಸೆಗೆ ಧರ್ಮದ ಆಕ್ಷೇಪವೇಕೆ?

ರೋಗಿಯ ಮೈಮೇಲೆ ಕೈಯಿಟ್ಟು ಸಂತೈಸುವುದು ಬಹು ಪ್ರಾಚೀನವಾದ ಪದ್ಧತಿ. ಕ್ರೈಸ್ತರಿಗಂತೂ ಇದು ಹೊಸತಲ್ಲ. ಏಸುವು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದನೆಂದು ಅವರ ಸುವಾರ್ತೆಗಳೇ ಹೇಳುತ್ತವೆ. ಹೀಗಿದ್ದೂ, ಕೈಯಿಟ್ಟು ಗುಣಪಡಿಸುವ 'ರೇಕಿ' ಎಂಬ ಚಿಕಿತ್ಸೆಗೆ ಕ್ಯಾಥೊಲಿಕ್ ಆಸ್ಪತ್ರೆಗಳೂ ಧ್ಯಾನಮಂದಿರಗಳೂ ಆಶ್ರಯ ಕೊಡುವುದು ಯುಕ್ತವಲ್ಲವೆಂದು ಅಮೆರಿಕದ ಕ್ಯಾಥೊಲಿಕ್ ಬಿಷಪರ ಸಮಿತಿಯೊಂದು 2009ನೆಯ ಮಾರ್ಚಿಯಲ್ಲಿ ಸಾರಿತು. ಇದು ಮೇಲುನೋಟಕ್ಕೆ ವಿಚಿತ್ರವೆನಿಸದಿರದು. ಮುಟ್ಟಿ ಗುಣಪಡಿಸಿದವನನ್ನು ಪೂಜಿಸುವವರು ಮುಟ್ಟಿ ಗುಣಪಡಿಸುವುದನ್ನು ಬೇಡವೆನ್ನುವುದೇಕೆ? ಇದನ್ನು ತುಸು ವಿಚಾರಿಸಿ ನೋಡೋಣ.

ಮೊದಲು ರೇಕಿ ಎಂದರೇನೆಂಬುದನ್ನು ತಿಳಿಯಬೇಕು. ಜಪಾನಿನ ಮಿಕಾವೊ ಉಸುಯಿ ಎಂಬಾತನು 1922ರಲ್ಲಿ ಈ ಪದ್ಧತಿಯನ್ನು ಬೋಧಿಸತೊಡಗಿದನು. ಆತನ ಶಿಷ್ಯ ಹಯಾಶಿಯಿಂದ ಹವಾಯಿ ದ್ವೀಪದ ಹವಾಯೊ ತಕಾತಾ ಎಂಬಾಕೆ ಇದನ್ನು ಕಲಿತು, 1937ರಲ್ಲಿ ತನ್ನ ನಾಡಿಗೆ ಒಯ್ದಳು. ಅಲ್ಲಿಂದ ಅದು ಅಮೆರಿಕದಲ್ಲೆಲ್ಲ ಹಬ್ಬಿತು. 'ಕಿ' ಎಂದರೆ ಜೀವಶಕ್ತಿ. ನಮ್ಮ ಯೋಗಶಾಸ್ತ್ರದ 'ಪ್ರಾಣ'ಕ್ಕೆ ಹತ್ತಿರವಾದ ಮಾತು. ಈ ಶಕ್ತಿಯು ದೇಹದಲ್ಲಿ ಕುಂದಿದಾಗ ಅಥವಾ ತಡೆವಡೆದಾಗ ರೋಗ ಬರುವುದೆಂದೂ, ಚಿಕಿತ್ಸಕನ ಅಂಗೈಯ ಮೂಲಕ ಅದು ರೋಗಿಗೆ ಹರಿಯುವುದೆಂದೂ ಇದರ ಸಿದ್ಧಾಂತ. ಚಿಕಿತ್ಸಕನಾಗಬೇಕಾದರೆ ಪುಸ್ತಕ ಓದಿದರೆ ಸಾಲದು. ಗುರುವಿನಿಂದ ದೀಕ್ಷೆ ಪಡೆಯಬೇಕು.

ಬಿಷಪರ ಆಕ್ಷೇಪವು ಇಲ್ಲಿಂದಲೇ ಹೊರಡುತ್ತದೆ. ಕ್ರೈಸ್ತಧರ್ಮವು ಗುಣವಾಗುವುದಕ್ಕೆ ಎರಡು ದಾರಿಗಳನ್ನು ಒಪ್ಪುತ್ತದೆ. ಒಂದು ದೇವರ ಕೃಪೆ, ಇನ್ನೊಂದು ಪ್ರಕೃತಿಯ ಬಲವನ್ನು ಬಳಸುವ ವೈದ್ಯ. ಇವೆರಡೂ ಪರಸ್ಪರ ವಿರೋಧಿಗಳಲ್ಲ. ಔಷಧ ಕುಡಿದು ಪ್ರಾರ್ಥನೆಯನ್ನೂ ಮಾಡಬಹುದು. ಆದರೆ ರೇಕಿ ಯಾವ ದಾರಿಗೆ ಸೇರಿದುದು? ಕೃಪೆಯೆನ್ನೋಣವೆಂದರೆ, ಕೃಪೆಯನ್ನು ಬೇಡಬಹುದೇ ಹೊರತು ಆಳಲಾಗದು. ಕೊಡುವುದೂ ಬಿಡುವುದೂ ದೇವರ ಚಿತ್ತ. ರೇಕಿಯಾದರೋ ಗುರುವಿನಿಂದ ಶಿಷ್ಯನಿಗೆ ಬರುವ ಒಂದು ತಂತ್ರ. ಕಲಿತವನು ಕೈಯಿಟ್ಟರೆ ಶಕ್ತಿ ಹರಿಯಲೇಬೇಕು. ವೈದ್ಯವೆನ್ನೋಣವೆಂದರೆ, ಆ ಶಕ್ತಿಯನ್ನು ವಿಜ್ಞಾನವು ಎಲ್ಲಿಯೂ ಕಂಡಿಲ್ಲ. ಅತ್ತ ಭಕ್ತಿಯೂ ಅಲ್ಲದ, ಇತ್ತ ಶಾಸ್ತ್ರವೂ ಅಲ್ಲದ ವಸ್ತುವನ್ನು ನಂಬುವುದು ಮೂಢನಂಬಿಕೆಯೆಂದು ಅವರ ತೀರ್ಮಾನ. ಕೈಯಿಡುವಾಗ ಏಸುವನ್ನು ಪ್ರಾರ್ಥಿಸಿಬಿಟ್ಟರೆ ದೋಷ ಕಳೆಯುವುದೆಂಬ ಸಮಾಧಾನವನ್ನೂ ಅವರು ಒಪ್ಪಲಿಲ್ಲ. ಸ್ವತಃ ಕೆಲವು ಕ್ರೈಸ್ತ ಸನ್ಯಾಸಿನಿಯರೇ ರೇಕಿಯನ್ನು ಕಲಿತು, ನೊಂದವರಿಗೆ ಸೇವೆಯೆಂದು ನಡೆಸುತ್ತಿದ್ದರು. ಆದುದರಿಂದ ಈ ಮಾತು ಅಂಥವರ ಮನಸ್ಸಾಕ್ಷಿಯನ್ನೇ ಮುಟ್ಟುವಂಥದಾಗಿತ್ತು.

ಈ ಆಕ್ಷೇಪದಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡುವುದು ಅಗತ್ಯ. ಕೃಪೆ ಯಾರ ಅಧೀನ ಎಂಬುದು ಒಂದು ಎಳೆ. ಇದು ಆ ಧರ್ಮವನ್ನು ನಂಬಿದವರಿಗೆ ಮಾತ್ರ ಅನ್ವಯಿಸುತ್ತದೆ. ಬೌದ್ಧನಿಗಾಗಲಿ ಹಿಂದುವಿಗಾಗಲಿ ನಾಸ್ತಿಕನಿಗಾಗಲಿ ಅದರ ಕಟ್ಟಿಲ್ಲ. ಆ ಶಕ್ತಿ ಉಂಟೇ ಎಂಬುದು ಎರಡನೆಯ ಎಳೆ. ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಶಾಸ್ತ್ರಗ್ರಂಥದಲ್ಲಿ ಹುಡುಕದೆ ಪರೀಕ್ಷೆಯಲ್ಲಿ ಹುಡುಕಬೇಕು.

ಅಂಥ ಪರೀಕ್ಷೆಯೊಂದು ರೇಕಿಯ ಸಮೀಪಬಂಧುವಾದ ಇನ್ನೊಂದು ಪದ್ಧತಿಯ ಮೇಲೆ ನಡೆದುದುಂಟು. ಡೊಲೊರೆಸ್ ಕ್ರೀಗರ್ ಎಂಬ ದಾದಿಯರ ಅಧ್ಯಾಪಕಿಯೂ, ಥಿಯಾಸಫಿ ಪಂಥದ ಡೋರಾ ಕುಂಜ್ ಎಂಬಾಕೆಯೂ 1970ರ ದಶಕದಲ್ಲಿ 'ಥೆರಪ್ಯೂಟಿಕ್ ಟಚ್' ಎಂಬುದನ್ನು ಅಮೆರಿಕದಲ್ಲಿ ಆರಂಭಿಸಿದರು. ಹೆಸರಿನಲ್ಲಿ ಸ್ಪರ್ಶವಿದ್ದರೂ ಇದರಲ್ಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೈಯಿಂದ ಕೆಲವು ಅಂಗುಲ ಮೇಲೆ ಕೈಯಾಡಿಸಿ, ರೋಗಿಯ ಸುತ್ತಲಿನ ಶಕ್ತಿಯನ್ನು ಅರಿಯುತ್ತೇವೆನ್ನುತ್ತಾರೆ. ಎಮಿಲಿ ರೋಸಾ ಎಂಬ ಬಾಲಿಕೆ ತನ್ನ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಇದನ್ನು ಪರೀಕ್ಷಿಸಹೊರಟಳು. ನಡುವೆ ಅಡ್ಡತೆರೆಯಿಟ್ಟು, ಚಿಕಿತ್ಸಕರು ಎರಡೂ ಕೈಗಳನ್ನು ಆಚೆಗೆ ಚಾಚುವಂತೆ ಮಾಡಿ, ನಾಣ್ಯ ಚಿಮ್ಮಿ ಯಾವುದಾದರೊಂದರ ಮೇಲೆ ತನ್ನ ಕೈ ಹಿಡಿದು, ಯಾವ ಕೈಯ ಬಳಿ ಇದೆಯೆಂದು ಕೇಳಿದಳು. 21 ಮಂದಿಯನ್ನು 280 ಸಲ ಕೇಳಿದುದರಲ್ಲಿ ಸರಿಯುತ್ತರ ಬಂದುದು 123 ಸಲ, ಎಂದರೆ ನೂರಕ್ಕೆ 44. ಕಣ್ಣುಮುಚ್ಚಿ ಊಹಿಸಿದ್ದರೂ ಸುಮಾರು ಅರ್ಧದಷ್ಟು ಸರಿಯಾಗುತ್ತಿತ್ತು! ಈ ಫಲಿತಾಂಶವು 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದರಿಂದ ಎಲ್ಲ ಪದ್ಧತಿಗಳ ಹಣೆಬರಹವೂ ತೀರ್ಮಾನವಾಯಿತೆನ್ನಲಾಗದು. ಆದರೆ ನಂಬಿಕೆಯನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ.

"ಹಾಗಾದರೆ ರೋಗಿಗೆ ಹಾಯೆನಿಸುವುದು ಸುಳ್ಳೇ?" ಎಂದು ಕೇಳಬಹುದು. ಸುಳ್ಳಲ್ಲ. ನಿಶ್ಶಬ್ದವಾದ ಕೋಣೆ, ಅರ್ಧಗಂಟೆಯ ವಿಶ್ರಾಂತಿ, ಅಕ್ಕರೆಯಿಂದ ಇಟ್ಟ ಕೈ, ಇವು ಯಾರಿಗಾದರೂ ನೆಮ್ಮದಿ ತಂದಾವು. ಆದರೆ ನೆಮ್ಮದಿ ಬೇರೆ, ರೋಗ ನೀಗುವುದು ಬೇರೆ. ಮೊದಲನೆಯದನ್ನು ಎರಡನೆಯದೆಂದು ನಂಬಿ ಔಷಧವನ್ನು ಬಿಟ್ಟವನು ತೆರುವ ಬೆಲೆ ಅವನ ಪ್ರಾಣವೇ ಆಗಬಹುದು.

ನಮ್ಮ ಹಳ್ಳಿಗಳಲ್ಲಿ ತಾಯಿತ ಮಂತ್ರಿಸಿ ಕಟ್ಟುವವನು ತಾನು ವೈದ್ಯನೆಂದು ಹೇಳಿಕೊಳ್ಳುವುದಿಲ್ಲ. ದೇವರ ಹೆಸರಿನಲ್ಲಿ ಕಟ್ಟುತ್ತೇನೆಂದೇ ಹೇಳುತ್ತಾನೆ. ಕಟ್ಟಿಸಿಕೊಳ್ಳುವವನಿಗೂ ಅದು ಗೊತ್ತು. ಪೂಜೆಯನ್ನು ಪೂಜೆಯೆಂದೂ ಮದ್ದನ್ನು ಮದ್ದೆಂದೂ ಕರೆಯುವ ಈ ಪ್ರಾಮಾಣಿಕತೆಯು ಆಸ್ಪತ್ರೆಯಲ್ಲಿ ಇನ್ನೂ ಹೆಚ್ಚಾಗಿರಬೇಡವೆ? ಬಿಷಪರ ದೇವತಾಶಾಸ್ತ್ರವನ್ನು ನಾವು ಒಪ್ಪಬಹುದು, ಬಿಡಬಹುದು. ತನಗೆ ಕೊಡುತ್ತಿರುವುದು ಪ್ರಾರ್ಥನೆಯೋ ಔಷಧವೋ ಎಂದು ತಿಳಿದುಕೊಳ್ಳುವ ಹಕ್ಕು ಮಾತ್ರ, ಅವನು ಯಾವ ಮತದವನೇ ಆಗಿರಲಿ, ಹಾಸಿಗೆ ಹಿಡಿದು ಮಲಗಿರುವ ರೋಗಿಗೆ ಇದ್ದೇ ಇದೆ.