ಗಣಕಯಂತ್ರದ ಮಾತು ನಿಂತಾಗ: ಅಂಧ ನೌಕರರಿರುವ ಕಛೇರಿಗಳಿಗೆ ಉಪಯುಕ್ತ ಮಾಹಿತಿ

ಲೆಕ್ಕಪತ್ರ ನಿರ್ವಹಣೆ, ದೂರವಾಣಿ ಮೂಲಕ ಆರ್ಡರು ಪಡೆಯುವುದು, ಪತ್ರವ್ಯವಹಾರ ಮುಂತಾದ ಕೆಲಸಗಳಲ್ಲಿ ಅಂಧ ನೌಕರರು ಗಣಕಯಂತ್ರವನ್ನು ಕಿವಿಯ ಮೂಲಕ ಬಳಸುತ್ತಾರೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅವರ ಕೆಲಸಕ್ಕೆ ಆಧಾರ. ಅದರ ಮಾತು ನಿಂತರೆ, ಕಣ್ಣುಳ್ಳವರ ಪರದೆ ಆರಿಹೋದಂತೆಯೇ ಸರಿ. ಮಾಸಿಕ ಜಿಎಸ್‌ಟಿ ವಿವರಪಟ್ಟಿಯ 20ನೇ ತಾರೀಖು ಹತ್ತಿರವಿದ್ದಾಗ ಹೀಗಾದರೆ ಕಛೇರಿಗಳಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ನೌಕರನಿಗೆ ಕೆಲಸ ಬಾರದೆಂದು ಭಾವಿಸುವುದು. ಇನ್ನೊಂದು, ರಿಪೇರಿಯವರನ್ನು ಕರೆಸಿ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು. ಎರಡನೆಯದರಿಂದ ನೌಕರ ಹೊಂದಿಸಿಕೊಂಡಿದ್ದ ವೇಗ, ಧ್ವನಿ, ಉಚ್ಚಾರಣಾ ಪಟ್ಟಿ ಎಲ್ಲವೂ ಅಳಿಸಿಹೋಗುತ್ತವೆ. ವಾಸ್ತವವಾಗಿ ಬಹುಪಾಲು ದೋಷಗಳು ಹತ್ತು ನಿಮಿಷದಲ್ಲಿ, ಖರ್ಚಿಲ್ಲದೆ ಸರಿಹೋಗುವಂಥವು.

ಇದಕ್ಕೆ ಮೊದಲು ಮಾತು ಹೊರಡುವ ದಾರಿಯನ್ನು ತಿಳಿಯಬೇಕು. ಸ್ಕ್ರೀನ್ ರೀಡರು ಬಳಕೆಯಲ್ಲಿರುವ ತಂತ್ರಾಂಶದಿಂದ ಬರಹವನ್ನು ಪಡೆಯುತ್ತದೆ. ಅದನ್ನು ಧ್ವನಿ ಎಂಜಿನ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಧ್ವನಿ ಎಂಜಿನ್ ಬರಹವನ್ನು ಉಚ್ಚಾರವಾಗಿ ಪರಿವರ್ತಿಸಿ ವಿಂಡೋಸಿನ ಧ್ವನಿ ವ್ಯವಸ್ಥೆಯ ಮೂಲಕ ಇಯರ್‌ಫೋನಿಗೆ ಕಳುಹಿಸುತ್ತದೆ. ಈ ದಾರಿಯಲ್ಲಿ ತೊಡಕು ಎಲ್ಲಿದೆ ಎಂಬುದೇ ಪ್ರಶ್ನೆ.

ವಿಂಡೋಸ್ 10 ಮತ್ತು 11ರಲ್ಲಿ ಇದನ್ನು ಪತ್ತೆಹಚ್ಚಲು ಒಂದು ಸುಲಭ ಉಪಾಯವಿದೆ. ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಂತ್ರದೊಳಗೇ ಇರುವ ನರೇಟರ್ ಎಂಬ ಸ್ಕ್ರೀನ್ ರೀಡರು ಚಾಲನೆಗೊಳ್ಳುತ್ತದೆ. ಅದೂ ಮೌನವಾಗಿದ್ದರೆ ದೋಷವಿರುವುದು ಧ್ವನಿ ವ್ಯವಸ್ಥೆಯಲ್ಲಿ. ನರೇಟರ್ ಮಾತನಾಡಿದರೆ ನೌಕರನ ಸ್ಕ್ರೀನ್ ರೀಡರಿನ ಹೊಂದಾಣಿಕೆಯನ್ನು ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಅದೇ ಮೂರು ಕೀಲಿಗಳನ್ನು ಮತ್ತೆ ಒತ್ತಿ ನರೇಟರನ್ನು ನಿಲ್ಲಿಸಬೇಕು. ಇಲ್ಲವಾದರೆ ಎರಡು ಧ್ವನಿಗಳು ಒಟ್ಟಿಗೆ ಮಾತನಾಡಿ ಗೊಂದಲವಾಗುತ್ತದೆ.

ಧ್ವನಿ ವ್ಯವಸ್ಥೆಯ ದೋಷಗಳಲ್ಲಿ ಒಂದು ಹೊಸ ಮಾನಿಟರ್ ಜೋಡಿಸಿದ ದಿನವೇ ಕಾಣಿಸಿಕೊಳ್ಳುತ್ತದೆ. ಎಚ್‌ಡಿಎಂಐ ಕೇಬಲಿನಿಂದ ಮಾನಿಟರ್ ಸೇರಿಸಿದಾಗ ವಿಂಡೋಸ್ ಶಬ್ದವನ್ನೂ ಅದಕ್ಕೇ ತಿರುಗಿಸುವುದುಂಟು. ಮಾನಿಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೆ ಮಾತು ಎಲ್ಲಿಯೂ ಕೇಳಿಸದು. ಕಣ್ಣುಳ್ಳವರು ಯಾರಾದರೂ ಶಬ್ದದ ಚಿಹ್ನೆಯನ್ನು ತೆರೆದು ಸರಿಯಾದ ಸಾಧನವನ್ನು ಆರಿಸಿದರೆ ಸಾಕು. ಬೇರೆಡೆಯ ಸರ್ವರಿಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕಿಸಿ ಲೆಕ್ಕ ಬರೆಯುವ ಕಡೆಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ನೌಕರನ ಯಂತ್ರಕ್ಕೆ ಬರುವುದು ಸರ್ವರಿನ ಪರದೆಯ ಚಿತ್ರ ಮಾತ್ರ. ಆದುದರಿಂದ ಸರ್ವರಿನಲ್ಲಿಯೂ ಸ್ಕ್ರೀನ್ ರೀಡರ್ ಇರಬೇಕು, ಅದರ ಶಬ್ದ ಈಚೆಯ ಯಂತ್ರಕ್ಕೆ ಬರುವಂತೆ ಸಂಪರ್ಕವನ್ನು ಹೊಂದಿಸಿರಬೇಕು.

ಭಾರತದ ಅಂಧ ಬಳಕೆದಾರರಲ್ಲಿ ಎರಡು ಸ್ಕ್ರೀನ್ ರೀಡರುಗಳು ಹೆಚ್ಚು ಪರಿಚಿತ. ಒಂದು, ಆಸ್ಟ್ರೇಲಿಯದ ಅಂಧ ತಂತ್ರಜ್ಞ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ, ಉಚಿತವಾಗಿ ದೊರೆಯುವ ಎನ್‌ವಿಡಿಎ. ಇನ್ನೊಂದು, ಅಮೆರಿಕದ ಫ್ರೀಡಂ ಸೈಂಟಿಫಿಕ್ ಸಂಸ್ಥೆಯ ಜಾಸ್; ಇದಕ್ಕೆ ಬೆಲೆ ತೆರಬೇಕು. ಜಾಸ್ ಸರಿಯಾಗಿ ನಲವತ್ತು ನಿಮಿಷ ಮಾತನಾಡಿ ನಿಂತು, ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ಮತ್ತೆ ಮಾತನಾಡಿದರೆ ಅದು ದೋಷವಲ್ಲ. ಪರವಾನಗಿ ಸಕ್ರಿಯವಾಗಿಲ್ಲದಾಗ ಅದು ಕೆಲಸ ಮಾಡುವ ಕ್ರಮವೇ ಹಾಗೆ. ಯಂತ್ರವನ್ನು ಫಾರ್ಮ್ಯಾಟ್ ಮಾಡಿದ ಬಳಿಕ ಈ ಸ್ಥಿತಿ ಉಂಟಾಗುವುದೇ ಹೆಚ್ಚು. ಒಂದು ಪರವಾನಗಿಯನ್ನು ಸಕ್ರಿಯಗೊಳಿಸುವ ಅವಕಾಶಗಳಿಗೆ ಮಿತಿಯಿರುವುದರಿಂದ ಫಾರ್ಮ್ಯಾಟಿನ ಆತುರ ದುಬಾರಿಯಾಗಬಹುದು.

ಎನ್‌ವಿಡಿಎಯಲ್ಲಿ ಇನ್ಸರ್ಟ್ ಕೀಲಿಯೊಂದಿಗೆ ಎಸ್ ಒತ್ತಿದರೆ ಮಾತಿನ ಸ್ಥಿತಿ ಬದಲಾಗುತ್ತದೆ. ಟೈಪಿಸುವಾಗ ಕೈತಪ್ಪಿ ಒತ್ತಿ, ಮಾತೇ ನಿಂತಿತೆಂದು ಗಾಬರಿಯಾಗುವುದು ಅಪರೂಪವಲ್ಲ. ಅದೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತುತ್ತ ಹೋದರೆ ಮಾತು ಮರಳುತ್ತದೆ. ಆಗಲೂ ಬಾರದಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿ ತಂತ್ರಾಂಶವನ್ನೇ ಮರುಚಾಲನೆ ಮಾಡಬಹುದು. ಇನ್ಸರ್ಟ್, ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಧ್ವನಿ ಎಂಜಿನ್ ಬದಲಿಸುವ ಕಿಟಕಿ ತೆರೆಯುತ್ತದೆ.

ಮಾತು ನಿಂತರೆ ಕನಿಷ್ಠ ಪಕ್ಷ ಗೊತ್ತಾಗುತ್ತದೆ. ಮಾತು ಬರುತ್ತಿದ್ದೂ ತಪ್ಪಾಗಿ ಬಂದರೆ ವ್ಯಾಪಾರಿಗೆ ಅದು ಹೆಚ್ಚು ಅಪಾಯ. ಬ್ಲೂಟೂತ್ ಇಯರ್‌ಫೋನುಗಳು ವಿದ್ಯುತ್ ಉಳಿಸಲು ನಡುನಡುವೆ ನಿದ್ರಾಸ್ಥಿತಿಗೆ ಹೋಗುತ್ತವೆ; ಎಚ್ಚರಗೊಳ್ಳುವಷ್ಟರಲ್ಲಿ ವಾಕ್ಯದ ಮೊದಲ ಶಬ್ದ ಕಳೆದುಹೋಗಿರುತ್ತದೆ. ‘ಒಂದು ಲಕ್ಷ ಹತ್ತು ಸಾವಿರ’ ಎಂಬುದು ‘ಹತ್ತು ಸಾವಿರ’ ಎಂದು ಕೇಳಿಸಿದರೆ ನಷ್ಟ ಯಾರದು? ಲೆಕ್ಕದ ಕೆಲಸಕ್ಕೆ ತಂತಿಯ ಇಯರ್‌ಫೋನೇ ಉತ್ತಮ. ಲೆಕ್ಕಪತ್ರಗಳಲ್ಲಿ ಋಣ ಮೊತ್ತವನ್ನು ಆವರಣ ಚಿಹ್ನೆಯೊಳಗೆ ಬರೆಯುವ ಪದ್ಧತಿಯಿಂದಲೂ ಎಚ್ಚರ ಬೇಕು. ಎನ್‌ವಿಡಿಎ ಆರಂಭದ ಹೊಂದಾಣಿಕೆಯಲ್ಲಿ ಆವರಣ ಚಿಹ್ನೆಯನ್ನು ಉಚ್ಚರಿಸುವುದಿಲ್ಲ. ಹೀಗಾಗಿ ಬಾಕಿಯೂ ಜಮೆಯೂ ಒಂದೇ ರೀತಿ ಕೇಳಿಸುತ್ತವೆ. ಇನ್ಸರ್ಟ್ ಮತ್ತು ಪಿ ಒತ್ತಿ ಚಿಹ್ನೆಗಳನ್ನು ಓದುವ ಮಟ್ಟವನ್ನು ಏರಿಸಬೇಕು, ಅಥವಾ ಎಕ್ಸೆಲ್ ಹಾಳೆಯಲ್ಲಿ ಋಣ ಮೊತ್ತಕ್ಕೆ ಮೈನಸ್ ಚಿಹ್ನೆ ಬಳಸುವ ಪರಿಪಾಠ ಇಟ್ಟುಕೊಳ್ಳಬೇಕು.

ಕನ್ನಡದ ತೊಡಕು

ಕರ್ನಾಟಕದ ಕಛೇರಿಗಳಿಗೆ ಇನ್ನೊಂದು ವಿಶೇಷ ಸಮಸ್ಯೆಯಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಪತ್ರಗಳು, ದರಪಟ್ಟಿಗಳು ಈಗಲೂ ಕಡತಗಳಲ್ಲಿವೆ. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕನ್ನಡವಲ್ಲ. ನುಡಿಯ ಹಳೆಯ ಶೈಲಿಯಲ್ಲಿ ‘ಕನ್ನಡ’ ಎಂಬ ಪದವನ್ನು ಟೈಪಿಸಿದರೆ ಯಂತ್ರದೊಳಗೆ ಉಳಿಯುವುದು ಏಳು ಸಂಕೇತಗಳು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಪುನಃ ಎ. ಸ್ಕ್ರೀನ್ ರೀಡರು ಇದನ್ನೇ ಪ್ರಾಮಾಣಿಕವಾಗಿ ಓದುತ್ತದೆ. ಕೇಳುವವರಿಗೆ ಅದು ಅರ್ಥವಿಲ್ಲದ ಸದ್ದು. ಯಾವ ಧ್ವನಿ ಎಂಜಿನ್ ಕೊಂಡರೂ ಇದು ಸರಿಹೋಗದು. ಕಡತವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸುವುದೊಂದೇ ದಾರಿ. ಹೊಸ ಪತ್ರಗಳನ್ನಾದರೂ ಯೂನಿಕೋಡಿನಲ್ಲಿಯೇ ಟೈಪಿಸಲು ಸಿಬ್ಬಂದಿಗೆ ಹೇಳಿದರೆ ಮುಂದಿನ ತೊಂದರೆ ತಪ್ಪುತ್ತದೆ.

ಯೂನಿಕೋಡ್ ಕನ್ನಡವಿದ್ದೂ ಮಾತು ಬಾರದಿದ್ದರೆ, ಆರಿಸಿರುವ ಧ್ವನಿಗೆ ಇಂಗ್ಲಿಷ್ ಮಾತ್ರ ಬರುತ್ತದೆಂದು ತಿಳಿಯಬೇಕು. ಅಂತಹ ಧ್ವನಿ ಇಂಗ್ಲಿಷ್ ಪದಗಳನ್ನೂ ಅಂಕಿಗಳನ್ನೂ ಓದಿ ಕನ್ನಡವನ್ನು ಹಾರಿಸಿಬಿಡಬಹುದು. ಎನ್‌ವಿಡಿಎಯೊಂದಿಗೇ ಬರುವ ಇಸ್ಪೀಕ್ ಎಂಜಿನ್ನಿನಲ್ಲಿ ಕನ್ನಡವಿದೆ. ಅದರ ದನಿ ಯಾಂತ್ರಿಕವಾದದ್ದು, ಮೊದಲು ಕೇಳಿದವರು ಮುಖ ಸಿಂಡರಿಸುತ್ತಾರೆ. ರೂಢಿಯಾದವರು ಮಾತ್ರ ಅದನ್ನು ಇತರರು ಹಿಡಿಯಲಾರದ ವೇಗದಲ್ಲಿ ಕೇಳುತ್ತಾರೆ.

ಸ್ಕ್ಯಾನ್ ಮಾಡಿದ ಬಿಲ್ಲು ಬೇರೆ ಬಗೆಯದು. ಅದು ಚಿತ್ರವಾದುದರಿಂದ ಓದಲು ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಬಿಲ್ಲುಗಳನ್ನು ವಿಂಡೋಸಿನ ಅಕ್ಷರ ಗುರುತಿಸುವ ಸೌಲಭ್ಯದಿಂದ ಓದಿಸಬಹುದು; ಎನ್‌ವಿಡಿಎಯಲ್ಲಿ ಅದಕ್ಕೆ ಇನ್ಸರ್ಟ್ ಮತ್ತು ಆರ್. ಆದರೆ ಮೊತ್ತದ ಅಂಕಿಗಳಲ್ಲಿ ಅದನ್ನು ಪೂರ್ತಿ ನಂಬಲಾಗದು. ಬಿಲ್ಲನ್ನು ಸ್ಕ್ಯಾನ್ ಮಾಡದೆ, ತಂತ್ರಾಂಶದಿಂದಲೇ ನೇರವಾಗಿ ಪಿಡಿಎಫ್ ಮಾಡಿ ಕಳುಹಿಸುವಂತೆ ಸರಬರಾಜುದಾರರಿಗೆ ಸೂಚಿಸುವುದು ಲೇಸು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಹಾಗೂ ಅದರ 2017ರ ನಿಯಮಗಳಂತೆ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ತಮ್ಮ ಸಮಾನ ಅವಕಾಶ ನೀತಿಯಲ್ಲಿ ಸಹಾಯಕ ಸಾಧನಗಳ ಏರ್ಪಾಡನ್ನೂ ನಮೂದಿಸಬೇಕು. ತರಬೇತಿ ಪಡೆದ ಅಭ್ಯರ್ಥಿಗಳು ಬೇಕಾದವರು ಬೆಂಗಳೂರಿನ ಎನೇಬಲ್ ಇಂಡಿಯಾ, ಮಿತ್ರ ಜ್ಯೋತಿ, ಸಮರ್ಥನಂ ಮುಂತಾದ ಸಂಸ್ಥೆಗಳಲ್ಲಿ ವಿಚಾರಿಸಬಹುದು.

ಎನ್‌ವಿಡಿಎಯನ್ನು ನೌಕರನ ಹೊಂದಾಣಿಕೆಗಳ ಸಮೇತ ಪೆನ್‌ಡ್ರೈವಿಗೆ ನಕಲಿಸಿಡುವ ಸೌಲಭ್ಯವೂ ಉಂಟು. ಅಂತಹ ಒಂದು ಪ್ರತಿ ಕಛೇರಿಯ ಮೇಜಿನಲ್ಲಿದ್ದರೆ, ಕೆಟ್ಟ ಯಂತ್ರ ರಿಪೇರಿಯಾಗುವವರೆಗೆ ಪಕ್ಕದ ಯಂತ್ರದಲ್ಲಿ ಕೆಲಸ ಮುಂದುವರಿಸಬಹುದು.