ತಪ್ಪು ಬಂದ ಅಳತೆಯನ್ನು ಅಳಿಸಬೇಡಿ

ಮಕ್ಕಳೇ, ಕಳೆದ ತಿಂಗಳು ನಮ್ಮ ಲ್ಯಾಬಿನಲ್ಲಿ ಸರಳ ಲೋಲಕದ ಪ್ರಯೋಗ ನಡೆದಿತ್ತು. ಒಂದು ಮೀಟರ್ ದಾರ, ತುದಿಯಲ್ಲಿ ಲೋಹದ ಗುಂಡು. 20 ಆಂದೋಲನಗಳಿಗೆ 40.5 ಸೆಕೆಂಡು ಹಿಡಿಯಿತು. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 9.6 ಬಂತು. ಒಬ್ಬ ಹುಡುಗಿ ಅದನ್ನು ರಬ್ಬರಿನಿಂದ ಅಳಿಸಿ 9.8 ಎಂದು ಬರೆದಳು. "ಯಾಕಮ್ಮ?" ಅಂದೆ. "ಪುಸ್ತಕದಲ್ಲಿ ಹಾಗೇ ಇದೆಯಲ್ಲ ಟೀಚರ್" ಅಂದಳು. ಬಯ್ಯಲು ನನಗೆ ಬಾಯಿ ಬರಲಿಲ್ಲ. ಬಿ.ಎಸ್ಸಿ. ಓದುವಾಗ ನಾನೂ ಅದನ್ನೇ ಮಾಡಿದ್ದೆ!

ಆಗ ನೆನಪಾದವರು ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839-1914). ಅಮೆರಿಕದ ತತ್ತ್ವಜ್ಞಾನಿ. ಒಂದು ಮಾತಿನ ಅರ್ಥ ತಿಳಿಯಬೇಕಾದರೆ, ಅದು ನಿಜವಾದರೆ ಅನುಭವದಲ್ಲಿ ಏನೇನು ಕಾಣಬೇಕು ಎಂದು ಕೇಳಿ ನೋಡಬೇಕು ಎನ್ನುವ 'ಪ್ರಾಗ್ಮಾಟಿಸಂ' ಚಿಂತನೆಯನ್ನು ಆರಂಭಿಸಿದವರು. ಆದರೆ ಅವರ ಹೊಟ್ಟೆಪಾಡಿನ ಕೆಲಸ ಯಾವುದು ಗೊತ್ತೇ? ಸುಮಾರು 30 ವರ್ಷ ಅಮೆರಿಕ ಸರಕಾರದ ಕರಾವಳಿ ಸರ್ವೆ ಇಲಾಖೆಯಲ್ಲಿ ನೌಕರಿ. ಅಲ್ಲಿ ಅವರು ಲೋಲಕ ತೂಗಿಸಿ ಗುರುತ್ವವನ್ನು ಅಳೆಯುತ್ತಿದ್ದರು. ಗುರುತ್ವ ಊರಿಂದ ಊರಿಗೆ ತುಸು ಬದಲಾಗುತ್ತದೆ. ಆ ವ್ಯತ್ಯಾಸದಿಂದ ಭೂಮಿಯ ಆಕಾರ ತಿಳಿಯುತ್ತದೆ.

1875ರಲ್ಲಿ ಯುರೋಪಿಗೆ ಹೋಗಿ ಅಳತೆ ಮಾಡಿದಾಗ ಅವರಿಗೊಂದು ಸಂಗತಿ ಕಂಡಿತು. ಲೋಲಕ ತೂಗುವಾಗ ಅದನ್ನು ಹೊತ್ತ ಸ್ಟ್ಯಾಂಡೂ ಕಣ್ಣಿಗೆ ಕಾಣದಷ್ಟು ಅಲುಗುತ್ತಿತ್ತು. ಅದರಿಂದ ಆಂದೋಲನದ ಕಾಲ ಹೆಚ್ಚಾಗಿ, ಗುರುತ್ವ ಕಡಿಮೆ ಬರುತ್ತಿತ್ತು. ಅಂಥದೇ ಸ್ಟ್ಯಾಂಡು ಬಳಸುತ್ತಿದ್ದ ಯುರೋಪಿನ ತಜ್ಞರು ಮೊದಲು ಸುಲಭಕ್ಕೆ ಒಪ್ಪಲಿಲ್ಲ. ಪರ್ಸ್ ಬಿಡಲಿಲ್ಲ. ಸ್ಟ್ಯಾಂಡು ಎಷ್ಟು ಬಾಗುತ್ತದೆ ಎಂದೇ ಅಳೆದರು. 1877ರ ಸ್ಟುಟ್‌ಗಾರ್ಟ್ ಸಮ್ಮೇಳನದಲ್ಲಿ ಅವರ ಮಾತಿಗೆ ಮನ್ನಣೆ ಸಿಕ್ಕಿತು.

ಅದೇ ವರ್ಷದ ನವೆಂಬರಿನಲ್ಲಿ 'ಪಾಪ್ಯುಲರ್ ಸೈನ್ಸ್ ಮಂತ್ಲಿ' ಪತ್ರಿಕೆಗೆ ಅವರು ಒಂದು ಪ್ರಬಂಧ ಬರೆದರು. ನಾವು ಒಂದು ವಿಷಯವನ್ನು ನಂಬುವುದು ಹೇಗೆ? ನಾಲ್ಕು ದಾರಿಗಳಿವೆ ಎಂದರು. ಒಂದು, ಹಠ: ನಾನು ನಂಬಿದ್ದೇ ಸರಿ. ಎರಡು, ಅಧಿಕಾರ: ದೊಡ್ಡವರು ಹೇಳಿದ್ದು, ಹಾಗಾಗಿ ಸರಿ. ಮೂರು, ಒಪ್ಪಿಗೆ: ಬುದ್ಧಿಗೆ ಹಿತವಾಗಿದೆ, ಹಾಗಾಗಿ ಸರಿ. ನಾಲ್ಕನೆಯದು ವಿಜ್ಞಾನ. ನಮ್ಮ ಇಷ್ಟಾನಿಷ್ಟಕ್ಕೆ ಬದಲಾಗದ ವಸ್ತುಗಳ ಮುಂದೆ ನಂಬಿಕೆಯನ್ನು ಇಟ್ಟು ಪರೀಕ್ಷಿಸುವುದು. ಈ ದಾರಿಯಲ್ಲಿ ಮಾತ್ರ ನಮ್ಮ ತಪ್ಪು ನಮಗೇ ಗೊತ್ತಾಗುತ್ತದೆ. ಯಾವ ತಿಳಿವಳಿಕೆಯೂ ತಿದ್ದುಪಡಿಗೆ ಹೊರತಲ್ಲ ಎಂಬುದು ಪರ್ಸ್ ನಿಲುವು. ಹಾಗಂತ ಎಲ್ಲರ ಮಾತೂ ಒಂದೇ ಅಂತಲ್ಲ. ಬಹಳ ಜನ ಬಹಳ ಕಾಲ ಪರೀಕ್ಷಿಸುತ್ತಾ ಹೋದರೆ ಉತ್ತರಗಳು ಒಂದೇ ಕಡೆ ಬಂದು ಸೇರುತ್ತವೆ ಎಂದು ಅವರು ನಂಬಿದ್ದರು.

ಪುಸ್ತಕ ನೋಡಿ 9.8 ಬರೆದರೆ ಅದು ಎರಡನೇ ದಾರಿ. ವಾಟ್ಸಾಪಿನಲ್ಲಿ ಬಂದದ್ದನ್ನು ನೋಡದೆ ಮುಂದೆ ಕಳಿಸಿದರೂ ಅಷ್ಟೇ, ಅಲ್ವಾ?

ನಾವು ಆ ಹುಡುಗಿಯ ಲೋಲಕವನ್ನು ಮತ್ತೆ ನೋಡಿದೆವು. ಅವಳು ಗುಂಡಿನ ಕೊಕ್ಕೆಯವರೆಗೆ ಮಾತ್ರ ಉದ್ದ ಅಳೆದಿದ್ದಳು. ಅಳೆಯಬೇಕಾದ್ದು ಗುಂಡಿನ ಕೇಂದ್ರದವರೆಗೆ. ಇನ್ನೂ 2 ಸೆಂ.ಮೀ. ಇತ್ತು. 102 ಸೆಂ.ಮೀ. ಹಾಕಿ ಲೆಕ್ಕ ಮಾಡಿದರೆ 9.8 ತಾನಾಗಿಯೇ ಬಂತು! ಅಳಿಸಿದ ಆ 9.6 ಸುಳ್ಳು ಹೇಳಿರಲಿಲ್ಲ, ಎಲ್ಲಿ ತಪ್ಪಿದೆ ಎಂದು ತೋರಿಸುತ್ತಿತ್ತು.

ಮುಂದಿನ ಸಲ ನಿಮ್ಮ ಉತ್ತರ ಪುಸ್ತಕಕ್ಕೆ ಹೊಂದದಿದ್ದರೆ ರಬ್ಬರ್ ಹುಡುಕಬೇಡಿ. ಬಂದದ್ದನ್ನೇ ಬರೆಯಿರಿ, ಪಕ್ಕದಲ್ಲಿ 'ಯಾಕೆ?' ಅಂತ ಒಂದು ಪ್ರಶ್ನೆ ಹಾಕಿ. ಅದಕ್ಕೆ ನಾನಂತೂ ಅಂಕ ಕಳೆಯುವುದಿಲ್ಲ.