ಡೀಸೆಲ್‌ಗೆ ಮದ್ಯಸಾರ ಬೆರೆತಾಗ: ಸಿಂಪಡಿಕೆಗೂ ಒಂದು ಹೊತ್ತು

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಕಡೆ ನಿಮ್ಮ ತೆಂಗಿನ ತೋಟವಿದ್ದರೆ ಬಚ್ಚಲ ಒಲೆಯ ಅನುಭವ ನಿಮಗೆ ಇದ್ದೇ ಇರುತ್ತದೆ. ಒಣ ಸೋಗೆಗೆ ಬೆಂಕಿ ತಟ್ಟನೆ ಹತ್ತುತ್ತದೆ. ಹಸಿ ಮಟ್ಟೆ ತಡ ಮಾಡುತ್ತದೆ. ಹಸಿ ಮಟ್ಟೆಯಿಂದಲೇ ಎಂದಿನ ಹೊತ್ತಿಗೆ ನೀರು ಕಾಯಬೇಕಾದರೆ ಒಲೆಯನ್ನು ಸ್ವಲ್ಪ ಮೊದಲೇ ಹೊತ್ತಿಸಬೇಕು. ತೋಟ ಉಳುವ ಟಿಲ್ಲರಿನ ಡೀಸೆಲ್‌ಗೆ ಮದ್ಯಸಾರ ಬೆರೆಸಿದರೆ ಎದುರಾಗುವ ಪ್ರಶ್ನೆಯೂ ಇದೇ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುತ್ತಾ ಗಾಳಿಯನ್ನು ಒತ್ತಿ ಕಾಯಿಸುತ್ತದೆ. ಅದು ತುದಿ ಮುಟ್ಟುವ ಮುನ್ನವೇ ನಾಜಲ್ ಇಂಧನವನ್ನು ಸಿಂಪಡಿಸುತ್ತದೆ. ಇಂಧನ ಆವಿಯಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಿಕೆಗೂ ಹೊತ್ತಿಕೊಳ್ಳುವುದಕ್ಕೂ ನಡುವಿನ ಈ ಅಂತರವನ್ನು ‘ದಹನ ವಿಳಂಬ’ ಎನ್ನುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಕಾಣುವ, ನಿಮಿಷಕ್ಕೆ ೧೫೦೦ ಸುತ್ತು ತಿರುಗುವ ಒಂಟಿ ಸಿಲಿಂಡರಿನ ಎಂಜಿನ್ನನ್ನು ನೋಡಿ. ಪಿಸ್ಟನ್ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ ೨೩ ಡಿಗ್ರಿ ತಿರುಗಬೇಕಿರುವಾಗ ಅದರಲ್ಲಿ ಸಿಂಪಡಿಕೆ ಆರಂಭವಾಗುತ್ತದೆ. ಅಂದರೆ ಸಿಗುವ ಸಮಯ ಒಂದು ಸೆಕೆಂಡಿನ ಸುಮಾರು ೪೦೦ನೇ ಒಂದು ಭಾಗ ಮಾತ್ರ!

ಈಗ ಎಥನಾಲ್ ಬೆರೆಸಿದೆವು ಎನ್ನೋಣ. ಬೇಗ ಹೊತ್ತುವ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಡೀಸೆಲ್‌ನದು ೫೦ರ ಆಸುಪಾಸು, ಎಥನಾಲ್‌ನದು ೧೦ಕ್ಕೂ ಕಡಿಮೆ. ಆವಿಯಾಗುವಾಗಲೂ ಎಥನಾಲ್ ಡೀಸೆಲ್‌ನ ಮೂರು ಪಟ್ಟು ಶಾಖ ಹೀರಿ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ಹೀಗಾಗಿ ಹೊತ್ತಿಕೊಳ್ಳುವುದು ತಡವಾಗುತ್ತದೆ. ಪಿಸ್ಟನ್ ಸಾಕಷ್ಟು ಕೆಳಗಿಳಿದ ಮೇಲೆ ತಡವಾಗಿ ಉರಿದ ಇಂಧನದ ಶಾಖದಲ್ಲಿ ಹೆಚ್ಚಿನ ಭಾಗ ಹೊಗೆಕೊಳವೆಯ ಪಾಲಾಗುತ್ತದೆ. ಎಥನಾಲ್‌ನ ತೂಕದಲ್ಲಿ ಶೇ. ೩೫ರಷ್ಟು ಆಮ್ಲಜನಕವೇ ಇರುವುದರಿಂದ ಮಸಿ ಕಡಿಮೆಯಾಗುತ್ತದೆ ಎಂಬುದು ಅದರ ದೊಡ್ಡ ಲಾಭ.

ಹಾಗಾದರೆ ಸಿಂಪಡಿಕೆಯನ್ನು ಮುಂಚಿತಗೊಳಿಸಿದರೆ? ವಿಳಂಬ ಸರಿದೂಗಿ ಶಕ್ತಿ ಮರಳುತ್ತದೆ. ಹೊಗೆಯೂ ಇಂಗಾಲದ ಮೊನಾಕ್ಸೈಡೂ ಸಾಮಾನ್ಯವಾಗಿ ಇಳಿಯುತ್ತವೆ. ಆದರೆ ಒಳಗಿನ ಒತ್ತಡ, ಉಷ್ಣತೆ ಏರಿ, ಶ್ವಾಸಕೋಶವನ್ನು ಕೆಣಕುವ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ಅತಿಯಾದರೆ ಎಂಜಿನ್ ಕಟಕಟನೆ ಬಡಿದು ಬೇರಿಂಗಿಗೆ ಏಟು. ತಡಗೊಳಿಸಿದರೆ ಆ ಆಕ್ಸೈಡುಗಳು ತಗ್ಗುತ್ತವೆ. ಹೊಗೆ ಮತ್ತು ಇಂಧನದ ಖರ್ಚು ಏರುತ್ತವೆ. ಒಂದನ್ನು ಇಳಿಸಿದರೆ ಇನ್ನೊಂದು ಏಳುವ ತಕ್ಕಡಿ ಇದು. ಆದ್ದರಿಂದ ಎಲ್ಲ ಮಿಶ್ರಣಕ್ಕೂ ಒಪ್ಪುವ ಒಂದೇ ಡಿಗ್ರಿ ಎಂಬುದಿಲ್ಲ. ಮಿಶ್ರಣದ ಪ್ರಮಾಣ, ಹೊರೆ, ಎಂಜಿನ್ನಿನ ರಚನೆ ನೋಡಿ ಅಳೆದು ನಿಗದಿಪಡಿಸಬೇಕು.

ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮ ೨೦೦೦ರ ದಶಕದಲ್ಲಿ ತನ್ನ ಬಸ್ಸುಗಳಲ್ಲಿ ಎಥನಾಲ್ ಬೆರೆತ ಡೀಸೆಲ್ ಬಳಸಿತ್ತು. ಮಿಶ್ರಣದಲ್ಲಿ ಎಥನಾಲ್ ಶೇ. ೭.೭ರಷ್ಟೇ, ಜೊತೆಗೆ ಎರಡೂ ಬೇರ್ಪಡದಂತೆ ಹಿಡಿದಿಡುವ ಸೇರ್ಪಡೆ. ನೀರಿನಂಶ ತಾಗಿದರೆ, ಚಳಿ ಹೆಚ್ಚಿದರೆ ಎಥನಾಲ್ ಮತ್ತು ಡೀಸೆಲ್ ಬೇರೆ ಬೇರೆ ಪದರಗಳಾಗುತ್ತವೆ.

ಪೆಟ್ರೋಲಿಗೆ ಎಥನಾಲ್ ಬೆರೆಯುತ್ತಿದೆಯಲ್ಲ, ಡೀಸೆಲ್‌ಗೂ ನಾವೇ ಬೆರೆಸೋಣ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಡ. ಎಥನಾಲ್‌ನ ಆವಿ ೧೩ ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಬೆಂಕಿ ಹಿಡಿಯಬಲ್ಲದು. ಅದು ಸ್ವಲ್ಪ ಸೇರಿದರೂ ಡೀಸೆಲ್ ಕ್ಯಾನಿಗೆ ಪೆಟ್ರೋಲಿನಷ್ಟೇ ಭಯಪಡಬೇಕು. ಪಂಪ್‌ಮನೆಯಲ್ಲಿ ಬೀಡಿ ಹಚ್ಚುವ ಒಂದು ಕಡ್ಡಿ ಸಾಕು. ಎಂಜಿನ್ ಕಪ್ಪು ಹೊಗೆ ಉಗುಳಿದರೆ ಮೊದಲು ಗಾಳಿಯ ಫಿಲ್ಟರು ತೊಳೆಸಿ, ನಾಜಲ್ ಪರೀಕ್ಷಿಸಿ. ನಂತರ ತಯಾರಕರು ಹೇಳಿದ ಡಿಗ್ರಿಗೇ ಟೈಮಿಂಗ್ ಇದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಿ. ನಿಮ್ಮ ಕೈಯಲ್ಲಿರುವ ನಿಜವಾದ ಉಳಿತಾಯ ಅದೇ.